ಎರಡೇ ಜಿಗಿತ

ನನ್ನ ಅಕ್ಕ ಉಡಚವ್ವನ ಮಗ ಯಂಕಣ್ಣ ಹುಟ್ಟಿದಾಗ ಎಲ್ಲ ಕೂಸುಗಳ ಹಾಗೆಯೇ ಇದ್ದ. ಆಮೇಲೆ ಬೆಳೆಯಲು ಶುರುಮಾಡಿದವನು ಸಾಕು ಎನ್ನಲೇ ಇಲ್ಲ. ಮೀಸೆ ಚಿಗುರುವ ಹೊತ್ತಿಗೆ ನನ್ನನ್ನು ದಾಟಿದ, ಇನ್ನೊಂದೆರಡು ವರ್ಷಕ್ಕೆ ಹುಬ್ಬಳ್ಳಿಯ ಕೇಶ್ವಾಪುರದ ನಮ್ಮ ಮನೆಯ ಬಾಗಿಲನ್ನೂ ದಾಟಿದ. ಚೌಕಟ್ಟಿನ ಮೇಲಿನ ಪಟ್ಟಿ ಅವನ ಹುಬ್ಬಿಗೆ ಬರುತ್ತಿತ್ತು. ಮೈಮರೆತು ಒಳಗೆ ಬಂದರೆ ಹಣೆ ಒಡೆದುಕೊಳ್ಳುತ್ತಿದ್ದ. "ಬಗ್ಗೋ ಯಂಕ್ಯಾ, ಬಗ್ಗು" ಎನ್ನುವುದು ಅಕ್ಕನ ಬಾಯಿಪಾಠವಾಗಿ ಹೋಗಿತ್ತು.

ಬಾಗಿಲಿಗಷ್ಟೇ ಹೇಳಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಸಾಹೇಬರು ಎದುರಾದರೆ ಬಗ್ಗು, ಗೌಡರ ಪೈಕಿ ಯಾರಾದರೂ ಬಂದರೆ ಬಗ್ಗು, ಬಾವಿಯ ಹತ್ತಿರ ದೊಡ್ಡವರು ನಿಂತಿದ್ದರೆ ದೂರ ಸರಿದು ಬಗ್ಗು. "ನಮ್ಮಂಥವ್ರು ಎದ್ದು ಕಾಣಬಾರ್ದೋ ತಮ್ಮಾ" ಎಂದು ನನಗೇ ಬುದ್ಧಿ ಹೇಳುತ್ತಿದ್ದಳು. ಪಾಪ, ಅವಳ ಹೆದರಿಕೆ ಅವಳದು. ಆದರೆ ಆರೂವರೆ ಅಡಿ ಇರುವ ಹುಡುಗ ಅಡಗುವುದಾದರೂ ಎಲ್ಲಿ? ಕತ್ತು ಒಳಗೆಳೆದುಕೊಂಡು, ಬೆನ್ನು ಬಾಗಿಸಿ ನಡೆದೂ ನಡೆದೂ ಹರೆಯದಲ್ಲೇ ಮುದುಕನ ಹಾಗೆ ಕಾಣುತ್ತಿದ್ದ. ದುರ್ಗದಬೈಲಿನಲ್ಲಿ ಪಡ್ಡೆ ಹುಡುಗರು "ಕಂದೀಲಕಂಬ ಬಂತಲೇ" ಎಂದು ಕೂಗಿದರೆ ಅವನೂ ನಗುತ್ತಿದ್ದ. ನನಗೆ ಮಾತ್ರ ಮೈ ಉರಿಯುತ್ತಿತ್ತು.

ನಾನು ಹನುಮಪ್ಪ. ರೈಲ್ವೆ ವರ್ಕ್‌ಶಾಪಿನಲ್ಲಿ ಕಬ್ಬಿಣ ಕಾಯಿಸಿ ಬಡಿಯುವ ಕೆಲಸ. ಅಳಿಯನನ್ನೂ ಅಲ್ಲೇ ಹಮಾಲಿಗೆ ಸೇರಿಸಿದ್ದೆ. ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ ಬಾಳಕೃಷ್ಣ ಮಾಸ್ತರರೆಂಬ ಡ್ರಿಲ್ ಮಾಸ್ತರರು ಮದ್ರಾಸಿನಲ್ಲಿ ಕಲಿತುಬಂದ ಬಾಸ್ಕೆಟ್‌ಬಾಲ್ ಆಟ ಆಡಿಸುತ್ತಿದ್ದರು. ಎರಡು ಕಡೆ ಎರಡು ಕಂಬ, ಅದರ ಮೇಲೊಂದು ಹಲಗೆ, ಹಲಗೆಗೊಂದು ಕಬ್ಬಿಣದ ಬಳೆ. ಬಳೆ ಬಡಿದುಕೊಟ್ಟವನು ನಾನೇ. ನಾವು ಅದನ್ನು ಬುಟ್ಟಿ ಆಟ ಎನ್ನುತ್ತಿದ್ದೆವು.

ಆ ಆಟದಲ್ಲಿ ಬಯಲಿನ ನಟ್ಟನಡುವೆ ಒಂದು ದುಂಡನೆಯ ಗೆರೆ. ಎರಡೂ ಕಡೆಯಿಂದ ಒಬ್ಬೊಬ್ಬ ಅಲ್ಲಿ ಎದುರುಬದುರು ನಿಲ್ಲಬೇಕು. ಪಂಚರು ಚೆಂಡನ್ನು ಮೇಲಕ್ಕೆ ತೂರುತ್ತಾರೆ, ಇಬ್ಬರೂ ಜಿಗಿಯುತ್ತಾರೆ, ಯಾರ ಕೈ ಮೊದಲು ತಾಗಿತೋ ಚೆಂಡು ಅವರ ಕಡೆಗೆ. ಯಾರಾದರೂ ಬುಟ್ಟಿಗೆ ಹಾಕಿದರೆ ಎಲ್ಲರೂ ಮತ್ತೆ ನಡುವಿಗೆ ಬಂದು ಮತ್ತೆ ಅದೇ ಜಿಗಿತ. ಪ್ರತಿ ಸಲವೂ ಹಾಗೆಯೇ.

ಒಂದು ಸಂಜೆ ನಾನು ಸಡಿಲಾದ ಬಳೆ ಬಿಗಿಯುತ್ತಿದ್ದಾಗ ಯಂಕಣ್ಣ ನನಗೆ ಬುತ್ತಿ ತಂದುಕೊಡಲು ಆ ಬಯಲಿಗೆ ಬಂದ. ಮಾಸ್ತರರು ಅವನನ್ನು ನೋಡಿದವರು ನೋಡುತ್ತಲೇ ನಿಂತರು.

"ಹನುಮಪ್ಪಾ, ಇವ ಯಾರೋ?"

"ನಮ್ಮ ಅಕ್ಕನ ಮಗ ರೀ."

"ತಮ್ಮಾ, ಒಂದೀಟು ನೆಟ್ಟಗ ನಿಲ್ಲಪಾ ನೋಡೂಣು."

ನೆಟ್ಟಗೆ ನಿಲ್ಲು ಎಂದು ಅವನಿಗೆ ಯಾರೂ ಅದುವರೆಗೆ ಹೇಳಿರಲಿಲ್ಲ. ಅವನು ನನ್ನ ಮುಖ ನೋಡಿದ. ನಿಲ್ಲು ಎಂದೆ. ನಿಂತ. ಅಷ್ಟು ದಿನ ಒಂದೇ ಮನೆಯಲ್ಲಿದ್ದ ನನಗೇ ಹುಡುಗ ಇಷ್ಟು ಚೆಂದ ಇದ್ದಾನೆಂದು ಗೊತ್ತಿರಲಿಲ್ಲ.

ಮಾಸ್ತರರು ಅವನನ್ನು ನಮ್ಮ ಮಕ್ತುಮಸಾಬ ವಸ್ತಾದರ ಕೈಗೆ ಒಪ್ಪಿಸಿದರು. ವಸ್ತಾದರೆಂದರೆ ಕುಸ್ತಿಯ ಗುರು. ಅವರ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ನೀನು ಯಾವ ಪೈಕಿ ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಆದರೆ ಅಲ್ಲಿಗೆ ಒಂದು ರೀತಿ ಇತ್ತು. ಹುಡುಗನ ಮೈಕಟ್ಟು ನೋಡಿ ಅವನಿಗೊಂದು ಪಟ್ಟು ಆರಿಸುವುದು, ಅದೊಂದನ್ನೇ ವರ್ಷಗಟ್ಟಲೆ ತಿದ್ದುವುದು, ಬೇರೆಯದರ ಕಡೆ ಕಣ್ಣೆತ್ತಿಯೂ ನೋಡಲು ಬಿಡದಿರುವುದು. ಹುಬ್ಬಳ್ಳಿಯ ಪೈಲವಾನರು ಹೆಸರು ಮಾಡಿದ್ದೇ ಹೀಗೆ. ಯಂಕಣ್ಣನಿಗೆ ಸಿಕ್ಕ ಪಟ್ಟು ಜಿಗಿತ.

ತಾಲೀಮಿನ ಬೇವಿನ ಮರದ ಟೊಂಗೆಗೆ ವಸ್ತಾದರು ಒಂದು ಎತ್ತಿನ ಗಂಟೆ ಕಟ್ಟಿದರು. ಯಂಕಣ್ಣ ಸೊಂಟಕ್ಕೆ ಉಸುಕಿನ ಚೀಲ ಬಿಗಿದುಕೊಂಡು ಜಿಗಿದು ಅದನ್ನು ಬಾರಿಸಬೇಕು. ಬಾರಿಸಿದ ಮೇಲೆ ಗಂಟೆ ಇನ್ನಷ್ಟು ಮೇಲೆ ಹೋಗುತ್ತಿತ್ತು. ಹಾಲು, ಖರ್ಜೂರ, ಬಾದಾಮಿ ನನ್ನ ಜವಾಬ್ದಾರಿ. ಓಡಿದರೆ ಕಾಲಿನ ಕಸುವು ಹರಿದುಹೋಗುತ್ತದೆಂದು ಓಟ ಬಂದ್. ಬುಟ್ಟಿಗೆ ಎಸೆದರೆ ತೋಳು ಬಿಗಿಯುತ್ತದೆಂದು ಅದೂ ಬಂದ್. ಮಾಸ್ತರರಿಗೂ ಇದು ಸರಿಯೆನಿಸಿತು. ಪ್ರತಿ ಸಲ ಚೆಂಡು ನಮಗೇ ಬಂದರೆ ಎದುರಿನವರು ಆಡುವುದೇನನ್ನು? ಎಸೆಯಲು ಬೇರೆ ಹುಡುಗರಿದ್ದರು.

ಮೂರು ವರ್ಷ ಹೀಗೆ ನಡೆಯಿತು. ಬೆಳಗಾವಿ, ಮೀರಜ, ಪುಣೆ, ಎಲ್ಲಿ ಹೋದರೂ ಯಂಕಣ್ಣನ ಜಿಗಿತಕ್ಕೆ ಎದುರೇ ಇರಲಿಲ್ಲ. ಒಂದು ದಿನ ಮನೆಗೆ ಬರುವಾಗ ನನಗೆ ಹೇಳಿದ:

"ಮಾಮಾ, ಆ ಗೆರಿಯಾಗ ನಿಂತಾಗ ಅಷ್ಟ ನೋಡು, ನನ್ನ ಎತ್ತರದ್ದು ನನಗ ನಾಚಿಕಿ ಬರೂದಿಲ್ಲ."

ನಾನು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದೆ. ಬಾಯಿ ಬಿಟ್ಟಿದ್ದರೆ ಅತ್ತುಬಿಡುತ್ತಿದ್ದೆ.

ಆ ಚಳಿಗಾಲ ಹಿಂದೂಸ್ತಾನ, ಸಿಲೋನ್, ಬರ್ಮಾ ಮೂರು ದೇಶಗಳ ನಡುವೆ ಪಂದ್ಯಾವಳಿ ಗೊತ್ತಾಯಿತು. ಬರ್ಮಾ ಮೊನ್ನೆಮೊನ್ನೆಯವರೆಗೆ ನಮ್ಮದೇ ಇತ್ತಲ್ಲ ಎಂದು ನಾನು ಕೇಳಿದ್ದಕ್ಕೆ, ಸರಕಾರ ಅದನ್ನು ಬೇರೆ ದೇಶ ಮಾಡಿದೆ ಎಂದು ಮಾಸ್ತರರು ತಿಳಿಸಿಹೇಳಿದರು. ಉಳಿದ ಆಟಗಳು ಪುಣೆಯಲ್ಲಿ, ಬರ್ಮಾದ ಜೊತೆಗಿನ ಆಟ ಮಾತ್ರ ನಮ್ಮ ಹುಬ್ಬಳ್ಳಿಯ ಬಯಲಿನಲ್ಲಿ. ಹಿಂದೂಸ್ತಾನದ ತಂಡದಲ್ಲಿ ಮುಂಬೈಯವರು, ಕಲಕತ್ತೆಯವರು, ಮದ್ರಾಸಿನವರು, ಮತ್ತು ಕೇಶ್ವಾಪುರದ ನಮ್ಮ ಯಂಕಣ್ಣ!

ಸುದ್ದಿ ಬಂದ ವಾರವೇ ನಾನು ಮನೆಯ ಬಾಗಿಲು ಕಿತ್ತೆ. ವರ್ಕ್‌ಶಾಪಿನಲ್ಲಿ ಬೇಡವೆಂದು ಒಗೆದ ರೈಲು ಹಳಿಯ ಹಳೆಯ ದಿಮ್ಮಿಗಳನ್ನು ಕೇಳಿ ತಂದು, ಗೋಡೆ ಒಡೆದು, ಮಾಳಿಗೆಯ ತೊಲೆಗೆ ತಾಗುವಷ್ಟು ಎತ್ತರದ ಹೊಸ ಚೌಕಟ್ಟು ಕೂರಿಸಿದೆ. "ಆನಿ ಸಾಕತೀಯೇನೋ ಹನುಮಪ್ಪಾ?" ಎಂದು ಓಣಿಯವರು ನಕ್ಕರು. ಅಕ್ಕ ಬೈದಳು, ಗಾಳಿ ಒಳಗೆ ನುಗ್ಗುತ್ತದೆಂದಳು. ಆದರೆ ಮಗ ತಲೆ ಎತ್ತಿಕೊಂಡು ಹೊಸಿಲು ದಾಟಿ ಒಳಗೆ ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಲೆಯ ಕಡೆ ಹೋದಳು. ಆಮೇಲೆ ಬಗ್ಗು ಎನ್ನುವ ಮಾತು ಅವಳ ಬಾಯಿಂದ ಬರಲಿಲ್ಲ.

ಆಟದ ದಿನ ಬೆಳಿಗ್ಗೆ ಮುಂಬೈಯಿಂದ ಬಂದ ತಂಡದ ಮ್ಯಾನೇಜರರು ಎಲ್ಲರನ್ನೂ ಬಯಲಿನಲ್ಲಿ ಸೇರಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ಮುಂಬೈ ಹುಡುಗರು ತಲೆಯಾಡಿಸಿದರು. ಮಾಸ್ತರರ ಮುಖ ಬಿಳಿಚಿಕೊಂಡಿತು. ನನಗೆ ಕೇಳದೆ ಇರಲಾಗಲಿಲ್ಲ.

"ಏನಂತರೀ ಅವ್ರು?"

"ಹೊರದೇಶದಾಗ ರೂಲು ಬದ್ಲಾಗೇತಂತ ಹನುಮಪ್ಪಾ. ಮೂರೂ ದೇಶದವರು ನಿನ್ನೆ ಕುಂತು ಒಪ್ಯಾರ. ಇನ್ನ ಬುಟ್ಟಿ ಬಿದ್ದ ಮ್ಯಾಲ ನಡುವ ಜಿಗಿಯೂದಿಲ್ಲ. ಯಾರ ಮ್ಯಾಲ ಬುಟ್ಟಿ ಬಿತ್ತೋ ಅವರು ಹಿಂದಿನ ಗೆರಿಯಿಂದ ಚೆಂಡು ತಗೊಂಡು ಹಂಗ ಓಡೂದು."

"ಮತ್ತ ಜಿಗಿತ?"

"ಆಟ ಶುರು ಆಗುವಾಗೊಂದು. ಅರ್ಧ ಮುಗದ ಮ್ಯಾಲೊಂದು. ಮುಗೀತು."

ನನಗೆ ಸಿಟ್ಟು ನೆತ್ತಿಗೇರಿತು. "ಮೂರು ವರ್ಷ ಅದೊಂದ ಕಲಿಸಿದ್ರಲ್ಲರಿ! ಓಡಾಕ ಬಿಡಲಿಲ್ಲ, ಒಗಿಯಾಕ ಬಿಡಲಿಲ್ಲ. ಈಗ ಅಂವ ಏನ ಮಾಡಬೇಕು, ಹೇಳ್ರಿ!" ವಸ್ತಾದರು ದೂರದಲ್ಲಿ ನೆಲಕ್ಕೆ ಕುಕ್ಕರಿಸಿ ಕುಳಿತುಬಿಟ್ಟರು. ಯಾರಿಗೆ ಬೈಯಲಿ? ಮಾಸ್ತರರು ಕೆಟ್ಟವರಲ್ಲ, ವಸ್ತಾದರಂತೂ ಅವನನ್ನು ಮಗನ ಹಾಗೆ ಸಾಕಿದ್ದರು. ಮ್ಯಾನೇಜರರ ಕಾಲು ಹಿಡಿಯಲೂ ನಾನು ತಯಾರಿದ್ದೆ, ಆದರೆ ರೂಲು ಅವರ ಕೈಯಲ್ಲೂ ಇರಲಿಲ್ಲ. ಸಮುದ್ರದ ಆಚೆ ಯಾರೋ ಯಾವುದೋ ಕೋಣೆಯಲ್ಲಿ ಕೂತು ತೀರ್ಮಾನ ಮಾಡಿದ್ದರು. ಅವರ ಮುಖ ಕೂಡ ನಮಗೆ ಗೊತ್ತಿಲ್ಲ.

ಮಧ್ಯಾಹ್ನದವರೆಗೆ ಮಾಸ್ತರರು ಅವನಿಗೆ ಓಟ ಕಲಿಸಲು ನೋಡಿದರು. ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡು ಎಂದರು. ಅವನು ಪುಟಿಸಿದರೆ ಚೆಂಡು ಒಂದು ಕಡೆ, ಅವನು ಒಂದು ಕಡೆ. ಪ್ರತಿ ಸಲವೂ ಓಡಿಹೋಗಿ ಎತ್ತಿಕೊಂಡು ಬಂದು "ಇನ್ನೊಮ್ಮೆ ಮಾಡ್ತೇನ್ರಿ" ಎನ್ನುತ್ತಿದ್ದ. ನನಗೆ ನೋಡಲಾಗಲಿಲ್ಲ. ಬೇಲಿಯ ಕಡೆ ಮುಖ ತಿರುಗಿಸಿ ಕುಳಿತೆ.

ಊರಿಗೆ ಇದೇನೂ ಗೊತ್ತಿಲ್ಲ. ಕುಸ್ತಿಗೆ ಹೋಗುವ ಪೈಲವಾನನನ್ನು ಕರೆದೊಯ್ಯುವ ಹಾಗೆ ದುರ್ಗದಬೈಲಿನಿಂದ ಹಲಗೆ ಬಾರಿಸುತ್ತ ಅವನನ್ನು ಮೆರವಣಿಗೆಯಲ್ಲಿ ಕರೆತಂದರು. ಕಂದೀಲಕಂಬ ಎಂದು ಕೂಗುತ್ತಿದ್ದವರೇ ಗುಲಾಲು ಎರಚಿದರು. ಗೆದ್ದ ಮೇಲೆ ತಲೆಗೆ ಸುತ್ತಲೆಂದು ವಸ್ತಾದರು ಒಂದು ತಿಂಗಳ ಮೊದಲೇ ಕೇಸರಿ ರುಮಾಲು ತೆಗೆದಿಟ್ಟಿದ್ದರು. ಅದನ್ನು ಬಗಲಲ್ಲಿ ಇಟ್ಟುಕೊಂಡು ಅವರೂ ಬಂದರು. ರೂಲು ಬದಲಾಗಿದೆ ಎಂದು ಇಬ್ಬರು ಮೂವರಿಗೆ ಹೇಳಲು ಹೋದೆ. ಹಲಗೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಆಟ ಶುರುವಾಯಿತು. ನಡುವಿನ ಗೆರೆಯಲ್ಲಿ ಬರ್ಮಾದ ಹುಡುಗನ ಎದುರು ಯಂಕಣ್ಣ ನೆಟ್ಟಗೆ ನಿಂತ. ಪಂಚರು ಚೆಂಡು ತೂರಿದರು. ಅವನು ಜಿಗಿದದ್ದು ಈಗಲೂ ನನ್ನ ಕಣ್ಣ ಮುಂದಿದೆ. ಬರ್ಮಾದವನ ಕೈ ಅವನ ಮೊಣಕೈಗೂ ಬರಲಿಲ್ಲ. ಜನರ ಕೂಗಿಗೆ ಬಯಲಿನ ಅಂಚಿನ ಮರದ ಕಾಗೆಗಳೆಲ್ಲ ಎದ್ದವು. ಚೆಂಡು ಮುಂಬೈ ಹುಡುಗನಿಗೆ ಸಿಕ್ಕಿ, ಅವನು ಓಡಿ ಬುಟ್ಟಿಗೆ ಹಾಕಿಯೇಬಿಟ್ಟ.

ಯಂಕಣ್ಣ ತಿರುಗಿ ನಡುವಿನ ಗೆರೆಗೆ ಬಂದು ನಿಂತ. ಮಂಡಿ ತುಸು ಬಾಗಿಸಿ, ಕಣ್ಣು ಮೇಲೆ ನೆಟ್ಟು, ಚೆಂಡಿಗೆ ಕಾದ. ಬೆಳಿಗ್ಗೆ ಹೇಳಿದ್ದು ಅವನ ಕಿವಿಗೆ ಹೋಗಿತ್ತು, ಕಾಲಿಗೆ ಹೋಗಿರಲಿಲ್ಲ. ಅವನ ಎದುರು ಯಾರೂ ಬರಲಿಲ್ಲ. ಬರ್ಮಾದವರು ಹಿಂದಿನ ಗೆರೆಯಿಂದ ಚೆಂಡು ತೆಗೆದುಕೊಂಡು ಅವನ ಎಡಬಲದಿಂದಲೇ ಓಡಿಹೋಗಿ ಆಚೆಯ ಬುಟ್ಟಿಗೆ ಹಾಕಿದರು. ಅವನಿಗೆ ನೆನಪಾಗಿ ಓಡಲು ಹೊರಡುವಷ್ಟರಲ್ಲಿ ಎಲ್ಲರೂ ಈ ಕಡೆ ಬರುತ್ತಿದ್ದರು. ಮತ್ತೊಂದು ಬುಟ್ಟಿ ಬಿತ್ತು. ಅವನ ಕಾಲುಗಳು ಮತ್ತೆ ಅವನನ್ನು ಅದೇ ಗೆರೆಗೆ ತಂದು ನಿಲ್ಲಿಸಿದವು.

"ಹಾರೋ ಯಂಕಣ್ಣಾ, ಹಾರು!" ಎಂದು ಜನ ಕೂಗಿದರು. ಎಲ್ಲಿಗೆ ಹಾರಬೇಕು ಅವನು? ಚೆಂಡೇ ಇರಲಿಲ್ಲ. ಕೂಗಿದವರಲ್ಲಿ ಒಬ್ಬ ನಕ್ಕ, ಆಮೇಲೆ ಹತ್ತು ಜನ ನಕ್ಕರು. ದಿನವೂ ಕಬ್ಬಿಣ ಬಗ್ಗಿಸುವ ಕೈ ನನ್ನದು. ಅಂದು ಅದರಿಂದ ನಾನು ಮಾಡಬಹುದಾದ ಕೆಲಸ ಒಂದೂ ಇರಲಿಲ್ಲ.

ಮ್ಯಾನೇಜರರು ಅವನನ್ನು ಹೊರಗೆ ಕರೆದು ಬೇರೆಯವನನ್ನು ಇಳಿಸಿದರು. ಅರ್ಧ ಮುಗಿದ ಮೇಲೆ ಜಿಗಿತಕ್ಕೆಂದು ಮತ್ತೆ ಒಳಗೆ ಕಳಿಸಿದರು. ಜಿಗಿದ, ಚೆಂಡು ಕೊಟ್ಟ. ಆಟ ನಿಂತ ಕೂಡಲೇ ಮತ್ತೆ ಹೊರಗೆ ಕರೆದರು. ಎರಡು ಸಲ ಜಿಗಿದ, ಎರಡೂ ಸಲ ಗೆದ್ದ. ಉಳಿದದ್ದನ್ನೆಲ್ಲ ಬೆಂಚಿನ ಮೇಲೆ ಕುಳಿತು ನೋಡಿದ.

ಹಿಂದೂಸ್ತಾನವೇ ಗೆದ್ದಿತು. ಜನ ಮುಂಬೈ ಹುಡುಗನನ್ನು ಹೆಗಲ ಮೇಲೆ ಹೊತ್ತು, ಅದೇ ಹಲಗೆ ಬಾರಿಸುತ್ತ ದುರ್ಗದಬೈಲಿನ ಕಡೆ ನಡೆದರು. ಅವರನ್ನೂ ದೂರಲಾರೆ, ಗೆದ್ದವರನ್ನು ಹೊರುವುದೇ ನಮ್ಮ ಊರಿನ ಪದ್ಧತಿ. ಮ್ಯಾನೇಜರರು ಯಂಕಣ್ಣನ ಭುಜ ತಟ್ಟಲು ಕೈ ಚಾಚಿದರು. ಅವನು ಅವರಿಗೆ ಅನುಕೂಲವಾಗಲೆಂದು ತುಸು ಬಗ್ಗಿದ. ಪುಣೆಗೆ ಬರುವುದು ಬೇಡ ಎಂದು ಅವರು ಮಾಸ್ತರರಿಗೆ ಹೇಳಿದ್ದನ್ನು ಮಾಸ್ತರರು ಅವನಿಗೆ ಹೇಳಲಾರದೆ ನನಗೆ ಹೇಳಿದರು. ನಾನೂ ಹೇಳಲಿಲ್ಲ. ಅವನಿಗೆ ಗೊತ್ತಾಗಿತ್ತು.

ವಸ್ತಾದರು ರುಮಾಲು ಹಿಡಿದುಕೊಂಡು ಅವನ ಹತ್ತಿರ ಬಂದರು. "ಬೇಟಾ, ನೀ ಸೋತಿಲ್ಲ. ಖರೇನ ಸೋತಿಲ್ಲ."

"ಸೋತಿದ್ರ ಛಲೋ ಇತ್ತರಿ ವಸ್ತಾದರ" ಎಂದ ಯಂಕಣ್ಣ. "ಯಾರ ಕೈಯ್ಯಾಗ ಚಿತ್ ಆದೆ ಅಂತಾದ್ರೂ ಗೊತ್ತಾಗ್ತಿತ್ತು."

ವಸ್ತಾದರು ರುಮಾಲನ್ನು ಮಡಚಿ ಮತ್ತೆ ಬಗಲಿಗೆ ಇಟ್ಟುಕೊಂಡರು.

ಮನೆಗೆ ನಡೆದು ಬಂದೆವು. ದಾರಿಯುದ್ದಕ್ಕೂ ನಾನು ಏನೇನೋ ಆಡಿದೆ, ಗುಡ್ಸ್ ಗಾಡಿಯ ಮಾತು, ನಾಳೆಯ ಕೆಲಸದ ಮಾತು. ಹಲಗೆಯ ಸದ್ದು ಕೇಳಿಯೇ ಅಕ್ಕ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಗೆದ್ರಂತಲ್ಲೋ ನನ್ನಪ್ಪಾ!"

"ಹೂಂ ಯವ್ವಾ" ಎಂದ ಅವನು, "ಗೆದ್ರು."

ಮಗನ ಮುಖ ನೋಡಿ ಅವಳು ತಟ್ಟೆಯನ್ನು ಕೆಳಗೆ ಇಳಿಸಿದಳು. ಯಂಕಣ್ಣ ಬಾಗಿಲಿಗೆ ಬಂದ. ಕತ್ತು ಒಳಗೆಳೆದುಕೊಂಡ, ಬೆನ್ನು ಬಾಗಿಸಿದ, ಹಳೆಯ ಬಾಗಿಲು ಇದ್ದಷ್ಟೇ ಎತ್ತರಕ್ಕೆ ತಲೆ ತಗ್ಗಿಸಿ ಹೊಸಿಲು ದಾಟತೊಡಗಿದ.

"ಬಗ್ಗಬ್ಯಾಡೋ ಯಂಕ್ಯಾ" ಎಂದಳು ಅಕ್ಕ. "ಬಾಗಲಾ ಎತ್ತರ ಐತೋ. ನೋಡೋ, ಮಾಮಾ ಎತ್ತರ ಮಾಡ್ಯಾನ. ನೆಟ್ಟಗ ಬಾರೋ ನನ್ನಪ್ಪಾ."

ಅವನು ಬಗ್ಗಿಕೊಂಡೇ ಒಳಗೆ ಹೋಗಿ ಗೋಡೆಗೆ ಒರಗಿ ಕುಳಿತ. ಬಾಗಿಲು ಎಷ್ಟು ಎತ್ತರವಿದೆ ಎಂದು ಮುಟ್ಟಿ ತೋರಿಸಲು ಅಕ್ಕ ತುದಿಗಾಲ ಮೇಲೆ ನಿಂತು ಕೈ ಮೇಲೆತ್ತಿದಳು. ಅವಳ ಕೈಗೆ ಮೇಲಿನ ಪಟ್ಟಿ ಎಟುಕಲಿಲ್ಲ.