ಸೋಮ, ಬುಧ, ಶುಕ್ರ

ಚಳಿಗಾಲ ಆಗತಾನೇ ಕಾಲಿಟ್ಟಿದ್ದ ಒಂದು ಮಂಗಳವಾರ, ಬೆಳಗಿನ ಒಂಬತ್ತೂವರೆಗೆ ಇದು ಶುರುವಾಯಿತು. ಗಂಟೆಯಮ್ಮ ಎರಡು ಕೋಣೆಯ ಶಾಲೆಯನ್ನು ಗುಡಿಸಿ ಮುಗಿಸಿದ್ದಳು. ನೀರಿನ ಕೊಡ ತುಂಬಿಸಿ, ಮುಚ್ಚಳದ ಮೇಲೆ ಹಿಡಿಯಿದ್ದ ಲೋಟವನ್ನು ಬೋರಲು ಹಾಕಿ, ಹಿಡಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟಿದ್ದಳು. ಬಲಗೈಯವರಿಗೆ ಸುಲಭವಾಗಲಿ ಎಂದು ಮೂವತ್ತು ವರ್ಷದಿಂದ ಹಾಗೇ ಇಡುತ್ತಿದ್ದಳು. ಹೊರಗೆ ಕಂಬಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡೇ ಆ ಶಾಲೆಯ ಗಂಟೆ. ಅದನ್ನು ಹೊಡೆಯುವವಳಾದ್ದರಿಂದ ಅವಳು ಗಂಟೆಯಮ್ಮ. ಸ್ವಂತ ಹೆಸರು ಕೇಳುವವರೇ ಇರಲಿಲ್ಲ.

ಈಗ ಕೇಳುವ ಕಾಲ ಬಂದಿತ್ತು. ಶಾಲೆಯಲ್ಲಿ ಗಂಟೆ ಹೊಡೆಯುವವರೂ ನಾಲ್ಕನೆಯ ತರಗತಿ ಪಾಸಾಗಿರಬೇಕೆಂದು ಕಚೇರಿಯಿಂದ ಕಾಗದ ಬಂದಿತ್ತು. ಶನಿವಾರ ಸಾಹೇಬರು ಬಂದು ದಾಖಲೆ ನೋಡುತ್ತಾರೆ. ಇಲ್ಲದಿದ್ದರೆ ಬೇರೆಯವರನ್ನು ಹಾಕುತ್ತಾರೆ. ಮೂರು ರಾತ್ರಿಯಿಂದ ಗಂಟೆಯಮ್ಮನಿಗೆ ನಿದ್ದೆ ಹತ್ತಿರಲಿಲ್ಲ. ಆ ಕೆಲಸ ಹೋದರೆ ಅವಳ ಪಾಲಿಗೆ ಬೆಳಗೇ ಆಗುತ್ತಿರಲಿಲ್ಲ.

ಹಳೇ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಟೀಚರಮ್ಮ ಮೂಗಿಗೆ ಸೆರಗು ಹಿಡಿದೇ ಕೂಗಿದಳು. "ಗಂಟೆಯಮ್ಮ, ಬನ್ನಿ ಇಲ್ಲಿ. ನಿಮ್ಮ ಹೆಸರು ಸಿಕ್ತು. ನಾಲ್ಕನೇ ತರಗತಿ, ಪಾಸು. ಅದೂ ಎಂಥ ಪಾಸು ಅಂತೀರಿ, ಇಡೀ ವರ್ಷ ಒಂದು ದಿನ ತಪ್ಪಿಸಿಲ್ಲ. ನಮ್ಮ ಈ ಕಪಿಗಳಿಗೆ ತೋರಿಸಬೇಕು."

"ಒಂದು ದಿನಾನೂ ಇಲ್ವಾ?"

"ನೀವೇ ನೋಡಿ."

ಗಂಟೆಯಮ್ಮ ನೋಡಿದಳು. ಹಾಜರಿ ಪುಸ್ತಕದ ಅಂಚನ್ನು ಗೆದ್ದಲು ತಿಂದಿತ್ತು, ನಡುವಿನದು ನೆಟ್ಟಗಿತ್ತು. ಆ ಹೆಸರಿನ ಮುಂದೆ ಹಾ, ಹಾ, ಹಾ ಎಂದು ಇರುವೆ ಸಾಲಿನಂತೆ ಹೋಗಿತ್ತು. ಎಲ್ಲೂ ಒಂದು ಗೈರಿಲ್ಲ.

"ತಪ್ಪಿರಬೇಕು, ಟೀಚರಮ್ಮ."

"ಒಂದು ಗಳಿಗೆ ತಡವಾದ್ರೂ ನಿಮ್ಮ ಮೇಷ್ಟ್ರು ಗೈರು ಹಾಕ್ತಿದ್ರು ಅಂತ ನೀವೇ ಹೇಳಿದ್ದು. ಅಂಥವರು ತಪ್ಪು ಬರೀತಾರಾ? ಸುಮ್ನೆ ಹೋಗಿ ಗಂಟೆ ಹೊಡೀರಿ."

ಗಂಟೆಯಮ್ಮ ಹೋಗಿ ಗಂಟೆ ಹೊಡೆದಳು. ಯಾರಿಗೂ ಹೇಳದ ಮಾತೊಂದು ಅವಳ ಹೊಟ್ಟೆಯಲ್ಲಿತ್ತು. ಟೀಚರಮ್ಮನಿಗೆ ತನ್ನದೆಂದು ಹೇಳಿದ್ದ ಆ ಹೆಸರು ಅವಳದಲ್ಲ, ಅಕ್ಕನದು.

ಅವರ ಅಪ್ಪ ಅಮ್ಮ ಊರಾಚೆಯ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಬಂದವರು. ಒಂದು ವರ್ಷದ ಅಂತರದ ಹುಡುಗಿಯರಿಬ್ಬರು, ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳ ಹಾಗೆ. ಇದ್ದದ್ದು ಬರೆಯುವ ಹಲಗೆ ಒಂದೇ, ಹೊರಗೆ ಹಾಕಿಕೊಂಡು ಹೋಗುವಂಥ ಲಂಗ ಒಂದೇ. ಅಪ್ಪ ದೊಡ್ಡವಳ ಹೆಸರು ಮಾತ್ರ ಬರೆಸಿದ; ಶಾಲೆಯಲ್ಲಿ ಇಬ್ಬರಿಗೂ ಅದೇ ಹೆಸರು. ಸೋಮ, ಬುಧ, ಶುಕ್ರ ಅಕ್ಕನ ಸರದಿ. ಮಂಗಳ, ಗುರು, ಶನಿ ತಂಗಿಯದು. ಹೋಗದವಳು ಗೂಡಿನಲ್ಲಿ ಹಸಿ ಇಟ್ಟಿಗೆ ಮಗುಚಬೇಕು. "ಇಬ್ಬರೂ ಒಂದೇ ದಿನ ಆ ಕಡೆ ಸುಳಿದೀರಿ, ಜೋಕೆ. ಮೇಷ್ಟ್ರು ಇಬ್ಬರನ್ನೂ ಆಚೆ ಹಾಕ್ತಾರೆ," ಎಂದು ಅಪ್ಪ ತಾಕೀತು ಮಾಡಿದ್ದ. ಗೂಡಿನ ಕಡೆ ಊರವರು ಬರುತ್ತಿರಲಿಲ್ಲ. ಮೇಷ್ಟ್ರಿಗೆ ಗೊತ್ತಾಗಲೇ ಇಲ್ಲ. ಇದ್ದ ಒಂದೇ ವ್ಯತ್ಯಾಸವೆಂದರೆ ಅಕ್ಕ ಎಡಚಿ. ಅದಕ್ಕೂ ಅಮ್ಮ ದಿನಾ ಬೈಯುತ್ತಿದ್ದಳು.

ನಾಲ್ಕನೆಯ ತರಗತಿಯ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಮೂರೇ ದಿನ. ಗೂಡಿನ ಹಿಂದೆ ಮಣ್ಣು ಮಾಡಿದರು. "ಇನ್ನು ನೀನೇ ದಿನಾ ಹೋಗು," ಎಂದ ಅಪ್ಪ. ಅವಳಿಗೆ ಕಾಲೇ ಏಳಲಿಲ್ಲ. ಅಕ್ಕನ ದಿನ ಅಕ್ಕನದೇ. ಆ ವರ್ಷ ಮುಗಿಯುವ ತನಕ ಅವಳು ಹೋದದ್ದು ಮಂಗಳ, ಗುರು, ಶನಿ ಮಾತ್ರ.

ಹಾಗಿದ್ದರೆ ಉಳಿದ ದಿನಗಳಲ್ಲಿ ಮೇಷ್ಟ್ರು ಕೂಗಿದಾಗ ಓಗೊಟ್ಟವರು ಯಾರು?

ಮಕ್ಕಳು ಒಳಗೆ ಮಗ್ಗಿ ಒದರುತ್ತಿದ್ದವು. ಗಂಟೆಯಮ್ಮ ಮೆಟ್ಟಿಲ ಮೇಲೆ ಕೂತು ಒಂದೊಂದೇ ನೆನೆದಳು. ಅಕ್ಕ ಹೋದ ಮೇಲೆ, ನಿನ್ನೆ ಯಾಕೆ ಬರಲಿಲ್ಲವೆಂದು ಮೇಷ್ಟ್ರು ಒಂದು ಸಲವೂ ಕೇಳಿರಲಿಲ್ಲ. ಪಾಪದವಳೆಂದು ಬಿಟ್ಟಿದ್ದಾರೆ ಅಂದುಕೊಂಡಿದ್ದಳು. ಅವಳ ಸರದಿಯ ಬೆಳಿಗ್ಗೆ ಹಲಗೆ ಒದ್ದೆಯಾಗಿರುತ್ತಿತ್ತು. ಇಬ್ಬನಿ ಎಂದಿದ್ದಳು ಅಮ್ಮ. ಪಕ್ಕದಲ್ಲಿ ಕೂರುತ್ತಿದ್ದ ಅಂಗಡಿಯವನ ಮಗಳು ಒಂದು ಗುರುವಾರ ಮುನಿಸಿಕೊಂಡಿದ್ದಳು: "ನಿನ್ನೆ ಯಾಕೆ ನೀನು ಮಾತೇ ಆಡಲಿಲ್ಲ?" ಬರದಿದ್ದಕ್ಕೆ ಹಂಗಿಸುತ್ತಿದ್ದಾಳೆ ಎಂದುಕೊಂಡು ಅವಳ ಜಡೆ ಎಳೆದಿದ್ದಳು. ಈಗ, ಬಿಸಿಲಲ್ಲಿ ಕೂತಿದ್ದರೂ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಮರುದಿನ ಬುಧವಾರ, ಅಕ್ಕನ ಸರದಿ. ಆಗಿದ್ದಾಗಲಿ ಎಂದು ಗಂಟೆಯಮ್ಮ ಶಾಲೆಗೆ ಹೋಗಲಿಲ್ಲ. ಹೊಲದ ಈಚೆಯ ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಹತ್ತಕ್ಕೆ ಸರಿಯಾಗಿ ಗಂಟೆ ಬಾರಿಸಿತು. ಒಂದು, ಎರಡು, ಮೂರು, ನಾಲ್ಕು, ಐದು... ಆರನೆಯದಕ್ಕೆ ಮುಂಚೆ ಸ್ವಲ್ಪ ತಡೆ. ಒಂದು ಕೈಯ ಬೆರಳು ಎಣಿಸಿ ಮುಗಿಸಿದವರು ಇನ್ನೊಂದು ಕೈ ಹುಡುಕುವಂತೆ. ಟೀಚರಮ್ಮನೇ ಹೊಡೆದಿರಬೇಕು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

ಗುರುವಾರ ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದಳು. ಟೀಚರಮ್ಮ ಬೈಯಲಿಲ್ಲ.

"ನಿನ್ನೆ ಹುಷಾರಿರಲಿಲ್ವಾ? ದಿನವೆಲ್ಲ ಮುಖ ತಿರುಗಿಸ್ಕೊಂಡೇ ಓಡಾಡಿದ್ರಿ. ನಾನೇನಾದ್ರೂ ಅಂದೆನಾ?"

ಗಂಟೆಯಮ್ಮ ಕೋಣೆಯೊಳಗೆ ಕಣ್ಣು ಹಾಯಿಸಿದಳು. ನೆಲ ಕನ್ನಡಿಯಂತಿತ್ತು. ಕೊಡ ತುಂಬಿತ್ತು. ಲೋಟದ ಹಿಡಿ ಗೋಡೆಯ ಕಡೆಗಿತ್ತು.

ಮುಂದಿನ ಎರಡು ಹಲ್ಲು ಬಿದ್ದು ಬೊಚ್ಚಿ ಎನಿಸಿಕೊಂಡಿದ್ದ ಒಂದನೆಯ ತರಗತಿಯ ಹುಡುಗಿ ನೀರಿಗೆ ಬಂದವಳು ಸೆರಗು ಜಗ್ಗಿದಳು. "ಅಜ್ಜಿ, ನಿನ್ನೆ ಯಾಕೆ ನೀನು ಮಾತೇ ಆಡಲಿಲ್ಲ?"

"ನಿನ್ನೆ ನಾನೆಲ್ಲಿದ್ದೆ, ಪುಟ್ಟಿ?"

"ಇಲ್ಲೇ. ಗಂಟೆ ಹೊಡೆದೆ, ಎಡಗೈಯಲ್ಲಿ. ಆಮೇಲೆ ಬಂದು ಕೊನೇ ಸಾಲಲ್ಲಿ ಕೂತೆ. ನಿನಗೆ ಮಣೆ ಇರಲಿಲ್ಲ, ನಾನೇ ನನ್ನದು ಕೊಟ್ಟೆ."

"ಅದು ನಾನೇನಾ? ಸರಿಯಾಗಿ ನೋಡಿದ್ಯಾ?"

ಬೊಚ್ಚಿ ನೀರು ಕುಡಿಯುತ್ತಾ ಯೋಚಿಸಿದಳು. "ನೀನೇ. ಆದ್ರೆ ಚಿಕ್ಕೋಳಾಗಿದ್ದೆ."

ಶುಕ್ರವಾರವೂ ಗಂಟೆಯಮ್ಮ ಹೋಗಲಿಲ್ಲ. ಹತ್ತಕ್ಕೆ ಗಂಟೆ ಬಾರಿಸಿತು, ಆರಕ್ಕೆ ಮುಂಚೆ ಅದೇ ತಡೆ. ಕೇಳುತ್ತಾ ಕೇಳುತ್ತಾ ಹೆದರಿಕೆಗಿಂತ ಭಾರವಾದದ್ದೊಂದು ಎದೆಯ ಮೇಲೆ ಕೂತಿತು. ಇಬ್ಬರೂ ಒಂದೇ ದಿನ ಹೋಗಬಾರದು. ಅವಳು ಮೂವತ್ತು ವರ್ಷ ದಿನಾ ಹೋಗಿದ್ದಳು. ಸೋಮವಾರವೂ, ಬುಧವಾರವೂ, ಶುಕ್ರವಾರವೂ. ಅಷ್ಟೂ ವರ್ಷ ಅಕ್ಕ ಗೂಡಿನ ಹಿಂದೆಯೇ ಸರದಿ ಕಾಯುತ್ತಿದ್ದಳು. ತಂಗಿ ಪಾಸಾಗಲೆಂದು ಸತ್ತಮೇಲೂ ಹಾಜರಿ ಕೊಟ್ಟವಳು. ಅವಳಿಗೆ ಮೂವತ್ತು ವರ್ಷದ ಸರದಿ ಬಾಕಿಯಿತ್ತು.

ಶನಿವಾರ ಸಾಹೇಬರು ಬಂದರು. ಪುಸ್ತಕ ತಿರುವಿ ಕನ್ನಡಕ ಹಣೆಗೇರಿಸಿದರು. "ಇಷ್ಟು ನಿಯತ್ತಾಗಿ ಶಾಲೆಗೆ ಬರೋರೂ ಇದ್ರೇನಮ್ಮ? ನಾನಂತೂ ವಾರಕ್ಕೆ ಎರಡು ದಿನ ಕೆರೆ ಏರಿ ಮೇಲೇ ಇರ್ತಿದ್ದೆ. ಹೆಸರು ನಿಮ್ಮದೇ ತಾನೆ?"

"ನಮ್ಮದೇ, ಸ್ವಾಮಿ."

ಮುದ್ರೆ ಬಿತ್ತು. ಕೆಲಸ ಆ ಹೆಸರಿಗೆ ಖಾಯಂ ಆಯಿತು. ಟೀಚರಮ್ಮ ಮಕ್ಕಳಿಂದ ಚಪ್ಪಾಳೆ ಹೊಡೆಸಿದಳು.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಗಂಟೆಯಮ್ಮ ಕೊಡ ತೊಳೆದು ತುಂಬಿಸಿದಳು. ಲೋಟದ ಹಿಡಿಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳು. ಕೊನೆಯ ಸಾಲಿನಲ್ಲಿ ಒಂದು ಮಣೆ ಹೆಚ್ಚಿಗೆ ಹಾಕಿದಳು. ಪೇಟೆಯಲ್ಲಿದ್ದ ಮಗಳು ಬಂದುಬಿಡು ಎಂದು ಎಷ್ಟೋ ವರ್ಷದಿಂದ ಕರೆಯುತ್ತಿದ್ದಳು. ಬಟ್ಟೆಗಂಟು ಆಗಲೇ ಕಂಬದ ಬುಡದಲ್ಲಿತ್ತು.

"ಸೋಮವಾರ ಸ್ವಲ್ಪ ಬೇಗ ಬನ್ನಿ ಗಂಟೆಯಮ್ಮ, ಟ್ರಂಕು ಒಳಗಿಡಬೇಕು."

"ಬೇಗನೇ ಬರ್ತಾಳೆ. ಮಾತು ಕಮ್ಮಿ. ಬೇಜಾರು ಮಾಡ್ಕೋಬೇಡಿ."

"ಯಾರು ಬರ್ತಾಳೆ?"

"ಹೆಸರು ಅದೇ, ಟೀಚರಮ್ಮ."

ಖಾಯಂ ಆದ ಖುಷಿಗೆ ಮುದುಕಿ ತಮಾಷೆ ಮಾಡುತ್ತಿದ್ದಾಳೆಂದು ಟೀಚರಮ್ಮ ನಕ್ಕಳು. ಗಂಟೆಯಮ್ಮ ಗಂಟು ಎತ್ತಿಕೊಂಡು, ಗೂಡಿದ್ದ ದಿಕ್ಕಿಗೆ ಒಂದು ಸಲ ನೋಡಿ, ಹೊಲದ ದಾರಿ ಹಿಡಿದಳು. ಕೆಲಸ ಅಕ್ಕನ ಹೆಸರಿನಲ್ಲಿ ಉಳಿಯಿತು. ಹೋದವಳು ತಂಗಿ, ಅವಳದೇ ಸರದಿಯಾದ ಶನಿವಾರ.