ಸೇತುವೆ ದಾಟದ ಮಾತು

ಅಕ್ಕನ ಜೊತೆ ಮಾತು ನಿಂತು ಐದು ತಿಂಗಳಾಗಿತ್ತು. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ ಅಕ್ಕ. ಭಾವನಿಗೆ ಆಪರೇಷನ್ ಆದ ವಾರ ಅವನು ಆಸ್ಪತ್ರೆಯ ಕಡೆ ತಲೆ ಹಾಕಿರಲಿಲ್ಲ. ಸೇತುವೆಯ ಆಚೆ ಹೊಸ ಮೊಬೈಲ್ ಟವರ್ ಚಾಲೂ ಮಾಡುವ ಕೆಲಸ ಅವನ ತಲೆಯ ಮೇಲಿತ್ತು. ಚಾಲೂ ಆದ ಮರುದಿನ ಸಂಜೆ, ಪೇಟೆಯ ಹೊಲಿಗೆ ಅಂಗಡಿಯಿಂದ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದ ಅಕ್ಕ ಫೋನ್ ಮಾಡಿ, ಆಸ್ಪತ್ರೆಗೆ ಯಾಕೆ ಬರಲಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದಳು. "ನನ್ನ ಕೆಲಸ ನಿನಗೇನು ಗೊತ್ತು?" ಎಂದು ಇವನೂ ರೇಗಿದ. ಅಲ್ಲಿಗೆ ಫೋನ್ ಸತ್ತಿತು.

ಕಟ್ ಮಾಡಿದಳಲ್ಲ ಎಂದು ಇವನು ಬಿಗಿದುಕೊಂಡ. ಊರವರ ಕಾಲ್ ಕಟ್ಟಾದರೆ ಟವರ್ ಕಡೆ ನೋಡುವ ಎಂಜಿನಿಯರ್, ತನ್ನದು ಕಟ್ಟಾದಾಗ ಅಕ್ಕನ ಕೊಬ್ಬನ್ನಷ್ಟೇ ನೋಡಿದ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುವುದಿಲ್ಲ.

ಇವತ್ತು ಮಧ್ಯಾಹ್ನ ಪಾರ್ಸೆಲ್ ವ್ಯಾನಿನ ಡ್ರೈವರ್ ಒಬ್ಬ ಬರೆದ ದೂರು ಅವನು ಕೂರುವ ಕಂಟ್ರೋಲ್ ರೂಮಿಗೆ ಬಂತು. ಪೇಟೆಗೆ ಬರುವಾಗ ಸೇತುವೆಯ ಮೇಲೆ ಮಾತು ಉಳಿಯುತ್ತದೆ, ವಾಪಸ್ ಹೋಗುವಾಗ ಸಾಯುತ್ತದೆ ಎಂದಿತ್ತು.

"ಹೋಗೋಕೊಂದು ಗಾಳಿ, ಬರೋಕೊಂದು ಗಾಳಿನಾ?" ಎಂದು ಪಕ್ಕದ ಕುರ್ಚಿಯವಳು ನಕ್ಕಳು. ಇವನಿಗೆ ನಗು ಬರಲಿಲ್ಲ.

ಮಾತಾಡುತ್ತ ಸಾಗುವವರ ಫೋನ್ ಕರೆಯನ್ನು ಒಂದು ಟವರ್ ಇನ್ನೊಂದರ ಕೈಗೆ ದಾಟಿಸುತ್ತ ಹೋಗುತ್ತದೆ, ಕಂಕುಳಿನಿಂದ ಕಂಕುಳಿಗೆ ಮಗುವನ್ನು ದಾಟಿಸಿದ ಹಾಗೆ. ಆದರೆ ಯಾರ ಕೈಗೆ ಕೊಡಬಹುದು ಎಂಬುದು ಪ್ರತಿ ಟವರಿನ ನೆರೆಯವರ ಪಟ್ಟಿಯಲ್ಲಿ ಬರೆದಿರಬೇಕು. ಹೊಸ ಟವರಿನ ಪಟ್ಟಿಯಲ್ಲಿ ಹಳೆಯದರ ಹೆಸರಿತ್ತು. ಪೇಟೆ ಕಡೆಯ ಹಳೆಯ ಟವರಿನ ಪಟ್ಟಿ ತೆರೆದ. ಅದರಲ್ಲಿ ಹೊಸದರ ಹೆಸರೇ ಇರಲಿಲ್ಲ. ಎರಡೂ ಕಡೆ ಬರೆಯಬೇಕಾದವನು ಒಂದೇ ಕಡೆ ಬರೆದು ಕೈ ತೊಳೆದುಕೊಂಡಿದ್ದ. ಬರೆದವನು ತಾನೇ.

ತನ್ನ ಫೋನಿನಲ್ಲಿ ಆ ಸಂಜೆಯ ಕಾಲ್ ಹುಡುಕಿದ. ಐದು ಐವತ್ತೆರಡಕ್ಕೆ ಮುಗಿದಿತ್ತು. ಕಂಪ್ಯೂಟರಿನಲ್ಲಿ ಆ ದಿನದ ಲೆಕ್ಕ ತೆಗೆದ. ಐದು ಐವತ್ತೆರಡಕ್ಕೆ ಸೇತುವೆಯ ಬಳಿ ಒಂದು ಕಾಲ್ ಸಿಗ್ನಲ್ ಸಿಗದೆ ಬಿದ್ದಿತ್ತು. ಯಾರೂ ಕಟ್ ಮಾಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ಐದು ತಿಂಗಳು ಆ ಸೇತುವೆಯ ಮೇಲೆ ಇನ್ನೆಷ್ಟು ಮನೆಗಳ ಮಾತು ಹೀಗೆ ಬಿದ್ದಿತೋ!

ಮೇಲಿನವರಿಗೆ ತಪ್ಪು ಒಪ್ಪಿಕೊಂಡು, ಪಟ್ಟಿ ಸರಿಪಡಿಸಿ, ಅಕ್ಕ ಬಸ್ಸು ಹತ್ತುವ ಹೊತ್ತಿಗೆ ಫೋನ್ ಮಾಡಿದ.

"ಏನು?" ಎಂದಳು. ಹಿಂದೆ ಬಸ್ಸಿನ ಸದ್ದು.

"ಅಕ್ಕಾ, ಅವತ್ತು ನೀನು ಕಟ್ ಮಾಡಿರ್ಲಿಲ್ಲ."

"ನಾನ್ಯಾಕೋ ಮಾಡ್ಲಿ? ಮಾಡಿದ್ದು ನೀನು."

"ಹೌದು, ನಾನೇ. ಟವರಿನಲ್ಲಿ ತಪ್ಪು ಬರೆದಿದ್ದೆ. ಆ ಸೇತುವೆ ದಾಟಿ ಆಚೆ ಹೋಗೋರ ಮಾತೆಲ್ಲ ಕಟ್ಟಾಗ್ತಿತ್ತು. ಭಾವನ್ನ ನೋಡೋಕೂ ಬರದೆ ಮಾಡಿದ ಕೆಲಸ ಅದು. ಅದನ್ನೂ ನೆಟ್ಟಗೆ ಮಾಡ್ಲಿಲ್ಲ. ನಾನು ಬರಬೇಕಿತ್ತು ಅಕ್ಕಾ."

ಆಚೆಯಿಂದ ಸದ್ದಿಲ್ಲ. ಬಸ್ಸು ಸೇತುವೆಯ ಹತ್ತಿರ ಬಂದಿರಬೇಕು.

"ಅಕ್ಕಾ? ಇದೀಯಾ?"

"ಇದೀನಿ ಕಣೋ. ಸೇತುವೆ ಆಗ್ಲೇ ದಾಟಿದ್ವಿ." ಅವಳು ಮೂಗು ಸೀಟಿದಳು. "ನಿನ್ನ ಬೈಬೇಕು ಅಂತ ಐದು ತಿಂಗಳಿಂದ ಏನೇನೋ ಇಟ್ಕೊಂಡಿದ್ದೆ. ಈಗ ಒಂದೂ ನೆನಪಿಗೆ ಬರ್ತಿಲ್ಲ."