ಹದಿನೇಳನೇ ಗಾಳಿಯಂತ್ರ

"ಇದೇ ನೋಡಿ ಮಾವ, ಹದಿನೇಳು," ಎಂದು ದರ್ಜಿಯಾಕೆ ಕೈ ತೋರಿಸಿದಳು. ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ಸರಾಗವಾಗಿ ತಿರುಗುತ್ತಿದ್ದವು. ಬುಡದಲ್ಲಿ ನೀಲಿ ಬಣ್ಣದ ೧೭ ಬರೆದಿದ್ದ ಇದೊಂದು ಮಾತ್ರ ಮೂರು ರೆಕ್ಕೆಗಳನ್ನೂ ಚಾಚಿಕೊಂಡು ಸುಮ್ಮನೆ ನಿಂತಿತ್ತು.

ಮಾವ ಕೋಲೂರಿ ಕತ್ತೆತ್ತಿದರು. ಲೈನ್‌ಮ್ಯಾನ್ ಆಗಿ ಮೂವತ್ತೈದು ವರ್ಷ ಕಂಬ ಹತ್ತಿದವರು. ಕೊನೆಗೊಮ್ಮೆ ಬಿದ್ದು ಎಡಗಾಲು ಸೊಟ್ಟಗಾದ ಮೇಲೆ ಬೀದಿಯ ತಿರುವನ್ನೂ ದಾಟಿರಲಿಲ್ಲ.

"ಇರೋದಂತೂ ಇದೆಯಲ್ಲಮ್ಮ," ಎಂದರು.

ಅಷ್ಟನ್ನು ನೋಡಲೆಂದೇ ಇಬ್ಬರೂ ಎರಡು ಬಸ್ಸು ಬದಲಿಸಿ ಬಂದಿದ್ದರು. ಹೋದ ವರ್ಷ ದರ್ಜಿಯಾಕೆ ತನ್ನ ಎರಡನೇ ಹೊಲಿಗೆ ಯಂತ್ರವನ್ನು ಮಾರಿ ಫೋನಿನಲ್ಲೇ ಕ್ರಿಪ್ಟೊ ಟೋಕನ್ ಎಂಬ ಡಿಜಿಟಲ್ ಚೀಟಿಗಳನ್ನು ಕೊಂಡಿದ್ದಳು. ನೂರಾರು ಜನ ಟೋಕನ್ ಕೊಂಡ ಹಣದಲ್ಲಿ ಒಂದು ಗಾಳಿಯಂತ್ರ ಏಳುತ್ತದೆ, ಅದು ಹುಟ್ಟಿಸುವ ಕರೆಂಟಿನಲ್ಲಿ ಪ್ರತಿ ಟೋಕನ್ನಿಗೂ ಒಂದು ಚೂರು ಪಾಲು. ಅವಳ ಪಾಲಿಗೆ ಬಂದದ್ದು ಹದಿನೇಳು. ತುಂಡು ತುಂಡು ಸೇರಿಸಿ ಅಂಗಿ ಮಾಡುವವಳಿಗೆ ಈ ಮಾತು ತಟ್ಟನೆ ಹಿಡಿಸಿಬಿಟ್ಟಿತ್ತು. ದಿನಾ ಬೆಳಿಗ್ಗೆ ಸೂಜಿಗೆ ದಾರ ಪೋಣಿಸುವ ಮೊದಲು ಅವಳು ಫೋನು ತೆಗೆದು, ಹದಿನೇಳು ನಿನ್ನೆ ಎಷ್ಟು ಯೂನಿಟ್ ಹುಟ್ಟಿಸಿತೆಂದು ನೋಡುವಳು. "ನಮ್ಮದು ನಿನ್ನೆ ಚೆನ್ನಾಗಿ ದುಡಿದಿದೆ ಕಣ್ರೀ," ಎಂದು ಗಿರಾಕಿಗಳಿಗೆ ಹೇಳುವಳು, ಮನೆಮಗನ ಸುದ್ದಿ ಹೇಳುವ ಹಾಗೆ.

ಒಂಬತ್ತು ದಿನಗಳ ಹಿಂದೆ ಆ ಅಂಕಿ ಸೊನ್ನೆಯಾಯಿತು. ಮರುದಿನವೂ ಸೊನ್ನೆ. ಟೋಕನ್ ಕೊಂಡವರ ಫೋನ್ ಗುಂಪಿನಲ್ಲಿ ಗುಲ್ಲೆದ್ದಿತು. ಯಂತ್ರವೂ ಇಲ್ಲ ಗಿಂತ್ರವೂ ಇಲ್ಲ, ನಮಗೆಲ್ಲ ಟೋಪಿ ಹಾಕಿದ್ದಾರೆ ಎಂದು ಒಬ್ಬ ಬರೆದ. ಟೋಕನ್ನಿನ ಬೆಲೆ ಪಾತಾಳ ಕಂಡಿತು. ಬೇಕರಿಯಲ್ಲಿ ಕೆಲಸ ಮಾಡುವ ಅವಳ ಗಂಡ ಖಾಲಿ ಬಿದ್ದ ಎರಡನೇ ಹೊಲಿಗೆ ಯಂತ್ರದ ಜಾಗದಲ್ಲಿ ಒಂದು ಕುರ್ಚಿ ತಂದಿಟ್ಟ, ಅಷ್ಟೇ. ಅವಳಿಗೆ ಬೈದಿದ್ದರೇ ವಾಸಿ ಎನಿಸಿತು.

"ಫೋನಿನೊಳಗೆ ಕರೆಂಟ್ ಹುಟ್ಟುತ್ತಾ?" ಎಂದು ವರ್ಷವಿಡೀ ಗೇಲಿ ಮಾಡಿದವರು ಮಾವ. ಇವತ್ತು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತವರೂ ಅವರೇ. "ಏಳಮ್ಮ. ಇದ್ರೆ ಇದೆ, ಇಲ್ದಿದ್ರೆ ಇಲ್ಲ. ಕಣ್ಣಾರೆ ನೋಡ್ಕೊಂಡು ಬರೋಣ."

"ಅಲ್ಲೇ ನಿಲ್ಲಿ, ಹತ್ರ ಬರ್ಬೇಡಿ!"

ಗಾಳಿಯಂತ್ರದ ಕಂಬದ ಬುಡದ ಉಕ್ಕಿನ ಬಾಗಿಲಿಂದ ಹೆಲ್ಮೆಟ್ ತೊಟ್ಟ ಮೆಕ್ಯಾನಿಕ್ ಹೆಂಗಸೊಬ್ಬಳು ಇಳಿದು ಬಂದಳು. ನಡುವಯಸ್ಸು, ಮೊಣಕೈವರೆಗೂ ಗ್ರೀಸು. ಮಾವ ಅವಳನ್ನು ನೋಡಲಿಲ್ಲ. ಬಾಗಿಲಿಗೆ ನೇತುಹಾಕಿದ್ದ, ಕೆಲಸ ನಡೆದಿದೆ ಎಂಬ ಕೆಂಪು ಚೀಟಿಯನ್ನು ನೋಡುತ್ತಿದ್ದರು.

"ಲೈನ್ ಕ್ಲಿಯರ್ ತಗೊಂಡಿದೀರಾ?"

ಮೆಕ್ಯಾನಿಕ್ ಹುಬ್ಬೇರಿಸಿದಳು. ಕರೆಂಟ್ ನಿಲ್ಲಿಸಿಯೇ ಕೆಲಸಕ್ಕೆ ಇಳಿದಿದ್ದೀರಾ ಎಂದು ದಾರಿಹೋಕರು ಯಾರೂ ಈ ಮಾತಿನಲ್ಲಿ ಕೇಳುವುದಿಲ್ಲ. "ತಗೊಂಡಿದೀನಿ ಯಜಮಾನ್ರೇ. ಲೈನ್‌ನಲ್ಲಿದ್ರಾ?"

"ಮೂವತ್ತೈದು ವರ್ಷ. ಬಿದ್ದಿದ್ದು ಒಂದೇ ಸಲ."

ಅವಳು ನಕ್ಕಳು. ಆಮೇಲೆ ಇಬ್ಬರೂ ಹಳೇ ಸ್ನೇಹಿತರ ಹಾಗೆ ಮಾತಿಗೆ ನಿಂತೇಬಿಟ್ಟರು. ಅರ್ಥಿಂಗ್ ಎಲ್ಲಿ ಕೊಟ್ಟಿದೀರಿ, ಸಿಡಿಲು ಬಡಿದ್ರೆ ಹೇಗೆ, ಮೇಲೆ ಹತ್ತೋಕೆ ಎಷ್ಟು ಮೆಟ್ಟಿಲು. ದರ್ಜಿಯಾಕೆ ತಡೆಯಲಾರದೆ ನಡುವೆ ಬಾಯಿ ಹಾಕಿದಳು.

"ಅಕ್ಕಾ, ಇದ್ಯಾಕೆ ನಿಂತಿದೆ? ಇದ್ರಲ್ಲಿ ನಂದೂ ಒಂದು ಚೂರಿದೆ."

"ಓ, ಟೋಕನ್ನಿನವರಾ?" ಮೆಕ್ಯಾನಿಕ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಲ್ಲೀವರೆಗೂ ಬಂದವರು ನೀವೇ ಮೊದಲು. ಒಂದು ರೆಕ್ಕೇನ ಗಾಳಿಗೆ ತಕ್ಕಂತೆ ಓರೆ ಮಾಡೋ ಮೋಟಾರು ಸುಟ್ಟೋಗಿತ್ತು. ಹೊಸದು ಬಂದಿದ್ದು ನಿನ್ನೆ. ಆಫೀಸಿನವರು ತಿಳಿಸ್ಲಿಲ್ವಾ?"

"ಯಾರೂ ಏನೂ ಹೇಳ್ಲಿಲ್ಲ."

"ಹೇಳೋಕೇನು ರೋಗ ಅವ್ರಿಗೆ!" ಎಂದು ಮೆಕ್ಯಾನಿಕ್ ಬೈದುಕೊಂಡಳು.

ದರ್ಜಿಯಾಕೆ ಹುಲ್ಲಿನ ಮೇಲೆ ಕೂತುಬಿಟ್ಟಳು. ಮೋಟಾರು! ಸುಟ್ಟ ಮೋಟಾರು ಅವಳಿಗೆ ಹೊಸದಲ್ಲ, ಅವಳ ಹೊಲಿಗೆ ಯಂತ್ರದ್ದೇ ಎರಡು ಸಲ ಸುಟ್ಟಿತ್ತು. ಅವಳಿಗೆ ನಗು ಬಂತು, ಹಿಂದೆಯೇ ಕಣ್ಣೀರೂ ಬಂತು.

ಕಂಬದ ಮೇಲೆ ಹೊಸ ಮೋಟಾರು ಕೂರಿಸುತ್ತಿದ್ದ ಕೆಲಸಗಾರ ಮುಗಿಸಿ ಇಳಿದು ಬಂದ. ಮೆಕ್ಯಾನಿಕ್ ಮತ್ತೆ ಲೈನ್ ಕೊಡಿ ಎಂದು ಯಾರಿಗೋ ಫೋನು ಮಾಡಿ, ಚೀಟಿ ಬಿಚ್ಚಿದಳು. ಇನ್ನೊಂದು ಹೆಲ್ಮೆಟ್ ತಂದು ಮಾವನ ತಲೆಗಿಟ್ಟು ಪಟ್ಟಿ ಬಿಗಿದಳು. "ಬನ್ನಿ ಯಜಮಾನ್ರೇ. ಇವತ್ತು ಶುರು ಮಾಡೋರು ನೀವು."

"ನಾನಾ?" ಮಾವನ ಮುಖ ಹುಡುಗನದಾಯಿತು. ಕೋಲನ್ನು ಸೊಸೆಯ ಕೈಗೆ ಕೊಟ್ಟು, ಎರಡೂ ಕಡೆಯ ಕಂಬಿ ಹಿಡಿದು ಮೂರು ಮೆಟ್ಟಿಲು ಹತ್ತಿದರು. ಬಾಗಿಲೊಳಗೆ ಹಸಿರು ಗುಂಡಿ ಇತ್ತು. ಒತ್ತುವ ಮುನ್ನ ಅಭ್ಯಾಸಬಲದಿಂದ ತಿರುಗಿ ಕೂಗಿದರು, "ಎಲ್ಲಾ ದೂರ ಇದೀರಾ?"

ಮೊದಲು ಏನೂ ಆಗಲಿಲ್ಲ. ಆಮೇಲೆ ಮೂರೂ ರೆಕ್ಕೆಗಳು ನಿಂತಲ್ಲೇ ನಿಧಾನವಾಗಿ ಮೈ ಹೊರಳಿಸಿ ಗಾಳಿಗೆ ಅಂಗೈ ಒಡ್ಡಿದವು. ಒಂದು ಕೆಳಗಿಳಿಯಿತು. ಇನ್ನೊಂದು ಹಿಂದೆಯೇ ಬಂತು. ದರ್ಜಿಯಾಕೆಯ ಫೋನಿನಲ್ಲಿ ಇವತ್ತಿನ ಲೆಕ್ಕದ ಸೊನ್ನೆ ಹೋಗಿ ಒಂದು ಬಂತು, ಎರಡು ಬಂತು. ಅವಳು ನೋಡಲಿಲ್ಲ, ತಲೆ ಎತ್ತಿಯೇ ಇದ್ದಳು. ಫೋನು ಹೊಡೆದುಕೊಂಡಾಗಲೇ ಎಚ್ಚರವಾದದ್ದು. ಗಂಡ.

"ಇದೆಯೇನೇ?" ಎಂದ, ಹೆದರಿಕೊಂಡೇ.

ಅವಳು ಫೋನನ್ನು ಮೇಲಕ್ಕೆತ್ತಿ ಹಿಡಿದಳು. ಭರ್‍ರೆಂದು ಒಂದು ರೆಕ್ಕೆ ಗಾಳಿ ಸೀಳಿಕೊಂಡು ಹೋಯಿತು.

"ಏನದು? ಬಸ್ ಬಂತಾ?"

"ಬಸ್ಸಲ್ಲ ಮಾರಾಯ್ರೇ, ನಮ್ಮದು!" ಎಂದು ಅವಳು ಕೂಗಿದಳು. ಆ ಕಡೆ ಗಂಡ ಬೇಕರಿಯವರಿಗೆಲ್ಲ ಅದನ್ನೇ ಕೂಗಿ ಹೇಳುವುದು ಕೇಳಿಸಿತು.

ಮಾವ ಕೆಳಗಿಳಿದವರು ಕೋಲು ಕೇಳಲಿಲ್ಲ. ಹೆಲ್ಮೆಟ್ಟನ್ನೂ ತೆಗೆಯದೆ ಕೊನೆಯ ಮೆಟ್ಟಿಲ ಮೇಲೆ ಕೂತು, ಸೊಟ್ಟಗಾಲನ್ನು ಬಿಸಿಲಿಗೆ ಚಾಚಿಕೊಂಡರು. ರೆಕ್ಕೆಯ ಉದ್ದನೆಯ ನೆರಳು ಹುಲ್ಲಿನ ಮೇಲೆ ಓಡೋಡಿ ಬಂದು ಅವರನ್ನು ದಾಟುತ್ತಿತ್ತು. ಬಂದಾಗಲೆಲ್ಲ ಅವರು ತಲೆ ತಗ್ಗಿಸಿ, ದಾಟಿದ ಮೇಲೆ ಎತ್ತಿ, ಮುಂದಿನದಕ್ಕೆ ಕಾಯುತ್ತ ಕೂತಿದ್ದರು.